ಸಂಡಿಗೆ ಕಾಯ್ದ ಹಾಡುಗಳು

ಈ ಬೇಸಿಗೆಗೆ ಸಂಡಿಗೆ ಹಾಕಬೇಕೆಂದು ಅಟ್ಟದ ಮೇಲಿನ ತಗಡಿನ ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದ ಕೂಡಲೇ ಹಳೆಯ ಜೀರಿಗೆ, ಇಂಗಿನ ವಾಸನೆ. ಹಾಸುವ ಧೋತರದ ಕೆಳಗೆ ಒಂದು ಸೀಡಿ ಇತ್ತು. ನಡುವಿನ ತೂತಿಗೆ ಕಟ್ಟಿದ ಬಿಳಿ ದಾರ ಇನ್ನೂ ಹಾಗೇ ಇತ್ತು. ಆ ಗಂಟು ಹಾಕಿದ್ದು ನಾನೇ... ಕಾಗೆ ಹೆದರಿಸಲಿಕ್ಕೆ.

ಸೀಡಿ ಬಾಜೂ ಮನೆ ಕಾಕಾ ಅವರದು. ರಾಯಚೂರಿನ ನಮ್ಮ ಓಣಿಯಲ್ಲಿ, ನಮ್ಮ ದೇವರ ಮನೆಯ ಗೋಡೆಗೆ ಹತ್ತಿದ ಒಂದು ಖೋಲಿಯಲ್ಲಿ ಅವರು ಬಾಡಿಗೆಗಿದ್ದರು. ಹುಟ್ಟಿದ್ದು ದೇವದುರ್ಗದಲ್ಲಿ. ಹರೆಯದಲ್ಲಿ ಹೈದರಾಬಾದಿಗೆ ಓಡಿಹೋಗಿ ರಾಕ್ ಬ್ಯಾಂಡ್ ಕಟ್ಟಿ ಹಾಡಿದವರು. ಭುಜದ ತನಕ ಕೂದಲು ಬಿಟ್ಟು, ಬೆವರು ಸುರಿಸಿಕೊಂಡು ಅವರು ಕೂಗುತ್ತಿದ್ದರೆ ಮಂದಿ ಕುರ್ಚಿ ಮೇಲೆ ಹತ್ತಿ ಕುಣಿಯುತ್ತಿದ್ದರಂತೆ. ನಾನು ಕಂಡದ್ದು ಆ ಮನುಷ್ಯನನ್ನಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಂದು ಗಿಟಾರು, ಎರಡು ಟ್ರಂಕು ಹಿಡಿದು ಬಂದ, ಬಟ್ಟೆ ತಾವೇ ಒಗೆದುಕೊಳ್ಳುವ, ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಲ್ಲುವ ಕಾಕಾನನ್ನು.

ಒಂದು ದಿನ ಬಂದು ಹೇಳಿದರು, "ತಾಯಿ, ಒಬ್ಬನ ಕುಂತು ಎಂಟು ಹಾಡು ಮಾಡಾಕತ್ತೀನಿ. ಬೆಳಗಾಗೂದ್ರಾಗ ಗಾಡಿ ಸಪ್ಪಳ ಇರಂಗಿಲ್ಲ, ಆವಾಗ ರೆಕಾರ್ಡ್ ಮಾಡ್ತೀನಿ. ತ್ರಾಸ ಆದ್ರ ಹೇಳ್ರಿ."

"ನನ್ನ ಪೂಜಿನೂ ಅದ ಹೊತ್ತಿಗೆ ಅಲ್ರೀ ಕಾಕಾ. ನನ್ನ ಗಂಟಿನ ನಿಮಗ ತ್ರಾಸ ಆಗ್ತದ."

"ನಿಮ್ಮ ಗಂಟಿ ನಿಂತ ಮ್ಯಾಲೆ ನಾ ಶುರು ಮಾಡ್ತೀನಿ ಬಿಡ್ರಿ," ಎಂದು ನಕ್ಕರು.

ಹಾಗೇ ನಾಲ್ಕು ತಿಂಗಳು ನಡೆಯಿತು. ನಾನು ಈ ಕಡೆ ಆರತಿ ಮುಗಿಸುವುದು, ಆ ಕಡೆ ಗಿಟಾರು ಸಣ್ಣಗೆ ಶುರುವಾಗುವುದು. ಗೋಡೆ ದಪ್ಪ, ಪದ ಒಂದೂ ತಿಳಿಯುತ್ತಿರಲಿಲ್ಲ.

ಆಲ್ಬಂ ಹೊರಗೆ ಬಂದ ದಿನ ಊರಿನ ಒಂದು ಸಣ್ಣ ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟಿದ್ದರು. ನಾನು, ನಮ್ಮ ಮನೆಯವರು ಹೋಗಿದ್ದೆವು. ಹೈದರಾಬಾದಿನಿಂದ ಹಳೆಯ ಅಭಿಮಾನಿಗಳೂ ಬಂದಿದ್ದರು. ಕಾಕಾ ಕುರ್ಚಿ ಮೇಲೆ ಕೂತು, ಕಣ್ಣು ಮುಚ್ಚಿ, ಮಾತಾಡಿದಷ್ಟೇ ಮೆಲ್ಲಗೆ ಕನ್ನಡದಲ್ಲಿ ಹಾಡಿದರು. ದನಿ ಅಲ್ಲಲ್ಲಿ ಒಡೆಯುತ್ತಿತ್ತು. ಎರಡನೇ ಹಾಡಿಗೆ ಹಿಂದಿನಿಂದ ಒಬ್ಬರು ಕೂಗಿದರು, "ಉಸ್ತಾದ್, ಅದು ಹಳೇದು ಹೊಡೀರಿ! ಇದೇನು ಕೂಸು ಮಲಗಸಾಕತ್ತೀರಿ?" ಮಂದಿ ನಕ್ಕರು. ದೇವದುರ್ಗದಿಂದ ಬಂದಿದ್ದ ಅವರ ಬಾಲ್ಯದ ಗೆಳೆಯ, ಕಾಳಿನ ವ್ಯಾಪಾರಿ, ಮಾತ್ರ ಮುಂದಿನ ಸಾಲಿನಲ್ಲಿ ಕೂತು ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಆಮೇಲೆ ಒಬ್ಬೊಬ್ಬರು ಒಂದೊಂದು ಅಂದರು. ಒಂದು ಪೇಪರಿನವರು ದನಿ ಮುಗಿದಿದೆ ಎಂದು ಬರೆದರು, ಇನ್ನೊಂದರವರು ಈಗ ದನಿ ಹುಟ್ಟಿದೆ ಎಂದು ಬರೆದರು. ನಮ್ಮ ಭಜನಾ ಮಂಡಳಿಯ ಹೆಣ್ಣುಮಕ್ಕಳು, "ಎಂಟರಾಗ ಒಂದರಾಗರ ಹರಿ ಅನಬಾರದೇನ್ರೀ?" ಎಂದರು. ನಮ್ಮ ಮನೆಯವರು, "ಚೊಲೊ ನಿದ್ದಿ ಬರ್ತದ," ಎಂದು ಅಷ್ಟಕ್ಕೇ ಮುಗಿಸಿದರು.

ಕಾಕಾ ಒಂದು ಸೀಡಿ ತಂದು ನನ್ನ ಕೈಗೆ ಕೊಟ್ಟರು. ಅದರ ಮೇಲೆ ನೀಲಿ ಪೆನ್ನಿನಿಂದ 'ತಾಯಿಗೆ' ಎಂದು ಬರೆದಿದ್ದರು. ಸೀಡಿ ಹಾಕುವ ಪೆಟ್ಟಿಗೆ ಓಣಿಯಲ್ಲಿ ಉಳಿದದ್ದು ನಮ್ಮ ಮನೆಯಲ್ಲೊಂದೇ, ದೇವರ ಹಾಡಿಗೆಂದು ಇಟ್ಟದ್ದು.

"ಎಲ್ಲಾರೂ ಎರಡ ನಿಮಿಷ ಕೇಳಿ ಮಾತಾಡ್ತಾರ ತಾಯಿ. ನೀವು ಎಂಟೂ ಕೇಳ್ರಿ. ಚೊಲೊ ಇಲ್ಲಂದ್ರ ಇಲ್ಲ ಅನ್ರಿ. ನೀವು ಸುಳ್ಳು ಹೇಳೋರಲ್ಲ."

ಆಗಲಿ ಎಂದೆ. ಮಾತು ಕೊಟ್ಟೆ. ಮರುದಿನ ಒಗ್ಗರಣೆಗೆ ನಿಂತವಳು ಹಚ್ಚಿದೆ. ಮೊದಲ ಹಾಡು ಅರ್ಧವೂ ಆಗಿರಲಿಲ್ಲ, ಮನಸ್ಸು ಹತ್ತಲಿಲ್ಲ, ಆರಿಸಿದೆ. ನಾಳೆ ಕೇಳಿದರಾಯಿತು ಅಂದುಕೊಂಡೆ. ಆ ನಾಳೆಯೇ ಕಾಕಾ ಬಾಗಿಲಿಗೆ ಬಂದರು.

"ಕೇಳಿದ್ರೇನ್ರೀ?"

"ಕೇಳಿದ್ನಿ. ಎಲ್ಲಾ ಚೊಲೊ ಅವ ಕಾಕಾ."

"ಕಡೀದು?"

"ಅದೂ ಚೊಲೊ ಅದ."

ಅವರು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ನಾನು ಇನ್ನೂ ಏನೋ ಹೇಳುವುದಿದೆ ಎಂಬಂತೆ ನಿಂತರು. "ಮತ್ತೇನೂ ಅನಸಲಿಲ್ಲೇನು?"

"ಮತ್ತೇನ್ರೀ? ಚೊಲೊ ಹಾಡೀರಿ."

"ಹೂಂ... ಆತು ಬಿಡ್ರಿ ತಾಯಿ," ಎಂದು ಹೊರಳಿದರು. ದೇವರ ಮುಂದೆ ಹಾಡುವ ಬಾಯಿ, ಎಷ್ಟು ಸಲೀಸಾಗಿ ಸುಳ್ಳು ಹೇಳಿತು.

ಆ ಬೇಸಿಗೆ ಮಾಳಿಗೆ ಮೇಲೆ ಸಂಡಿಗೆ ಹಾಕಿದಾಗ ಕಾಗೆಗಳ ಕಾಟ ಬಹಳ. ಹೊಳೆಯುವ ಸೀಡಿ ತೂಗುಬಿಟ್ಟರೆ ಬರುವುದಿಲ್ಲ ಎಂದು ಓಣಿಯಲ್ಲಿ ಎಲ್ಲರೂ ಕಟ್ಟುತ್ತಿದ್ದರು. ನನ್ನಲ್ಲಿದ್ದವೆಲ್ಲ ದೇವರ ಸೀಡಿ, ಅವನ್ನು ಕಟ್ಟಲು ಮನಸ್ಸು ಒಪ್ಪಲಿಲ್ಲ. ಕಾಕಾ ಕೊಟ್ಟದ್ದಕ್ಕೆ ದಾರ ಹಾಕಿದೆ.

ಬಟ್ಟೆ ಒಣಗಿಸಲು ಪಕ್ಕದ ಮಾಳಿಗೆಗೆ ಬಂದ ಕಾಕಾ ಅದನ್ನು ನೋಡಿದರು. ಗಾಳಿಗೆ ತಿರುಗಿದಾಗೊಮ್ಮೆ ನೀಲಿ ಅಕ್ಷರ ಕಾಣುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇಳಸ್ತೀನ್ರೀ ಕಾಕಾ..."

"ಬ್ಯಾಡ, ಬ್ಯಾಡ. ಸಂಡಿಗಿ ಒಣಗಲಿ." ಒದ್ದೆ ಅಂಗಿ ಕೊಡವಿ ಹಗ್ಗಕ್ಕೆ ಹಾಕಿದರು. "ಹೈದ್ರಾಬಾದ್‌ನ್ಯಾಗ ನಾ ಹಾಡಿದ್ರ ಮಂದಿ ಕುಣೀತಿತ್ತು. ಇಲ್ಲಿ ಕಾಗಿ ಹೆದರಾಕತ್ತಾವ. ನಡೀತದ, ಏನೋ ಒಂದು ಆಗಾಕತ್ತದಲ್ಲ!"

ಅವರು ನಕ್ಕರು, ನಾನೂ ನಕ್ಕೆ. ತಪ್ಪಾಯಿತು ಎನ್ನಬೇಕಾದ ಹೊತ್ತು ಆ ನಗುವಿನಲ್ಲಿ ಹೋಗಿಬಿಟ್ಟಿತು.

ಮಳೆಗಾಲಕ್ಕೆ ಅವರು ಮಾನ್ವಿಗೆ ತಂಗಿಯ ಮನೆಗೆ ಹೋದರು. ಅಕ್ಕಿ ಗಿರಣಿಯ ಬಾಜೂ ಮನೆಯಂತೆ. "ಅಲ್ಲಿ ಗಿರಣಿನ ಹಾಡ್ತದ, ನಾ ಕೇಳ್ಕೋತ ಕೂಡ್ತೀನಿ," ಎಂದರು. ಒಂದು ಡಬ್ಬಿ ಸಂಡಿಗೆ ಕೊಟ್ಟೆ, ಎರಡೂ ಕೈಯಲ್ಲಿ ಹಿಡಿದು ತೆಗೆದುಕೊಂಡರು. ಆಮೇಲೆ ಅವರನ್ನು ನೋಡಲಿಲ್ಲ. ವರ್ಷದೊಳಗೆ ಹೋದರೆಂದು ಸುದ್ದಿ ಬಂತು. ತ್ರಾಸಪಡದೆ, ನಿದ್ದೆಯಲ್ಲೇ ಹೋದರಂತೆ. ಅಷ್ಟು ದಯೆ ದೇವರದು.

ಮೊನ್ನೆ ಸೀಡಿಯ ದಾರ ಬಿಚ್ಚಿ, ಸೆರಗಿನಿಂದ ಒರೆಸಿ, ಪೆಟ್ಟಿಗೆಗೆ ಹಾಕಿದೆ. ಪೆಟ್ಟಿಗೆ ಇನ್ನೂ ನಡೆಯುತ್ತದೆ, ಅದೂ ಅವನ ದಯೆ. ಬಿಸಿಲಿಗೆ ಸುಟ್ಟು ಗೀರು ಬಿದ್ದ ಹಾಡುಗಳು. ಮೂರು ಶುರುವಾಗಲೇ ಇಲ್ಲ, ಉಳಿದವು ತಡವರಿಸಿ ತಡವರಿಸಿ ನಡೆದವು. ಕೆಲಸ ಬಿಟ್ಟು ಕೂತೆ. ಈ ಸಲ ಆರಿಸಲಿಲ್ಲ.

ಎಂಟನೆಯದು ಬಂತು. ಗಿಟಾರು ನಾಲ್ಕು ಸ್ವರ ನುಡಿದು ನಿಂತಿತು. ಕೆಟ್ಟಿತೇನೋ ಎಂದು ಏಳುವಷ್ಟರಲ್ಲಿ, ದೂರದಲ್ಲಿ, ಗೋಡೆಯ ಆಚೆಯಿಂದ ಬಂದಂತೆ, ಗಂಟೆ. ನನ್ನ ಗಂಟೆ. ಅದರ ಹಿಂದೆ ಎಳೆದೆಳೆದು ಆರತಿ ಹಾಡುವ ನನ್ನದೇ ದನಿ. ಅಂದು ನಾನು ತಡವಾಗಿ ಎದ್ದಿದ್ದೆನೋ, ಅವರೇ ಅವಸರ ಮಾಡಿದ್ದರೋ... ಅಳಿಸಿ ಮತ್ತೆ ಹಾಡಬಹುದಿತ್ತು. ಅಳಿಸಿರಲಿಲ್ಲ. ಗಂಟೆ ಪೂರಾ ನಿಲ್ಲುವ ತನಕ ಕಾದು, ಒಂದು ಉಸಿರು ಬಿಟ್ಟು, ಅಲ್ಲಿಂದಲೇ ಹಾಡು ಎತ್ತಿಕೊಂಡಿದ್ದರು. ಎರಡು ಸಾಲಿಗೆ ಸೀಡಿ ಸಿಕ್ಕಿಕೊಂಡಿತು. ಮುಂದೆ ಏನು ಹಾಡಿದ್ದಾರೋ, ನನಗೆ ಇನ್ನು ಗೊತ್ತಾಗುವುದಿಲ್ಲ.

ಚೌಕಟ್ಟು ಹಿಡಿದು ಅವರು ಕಾದದ್ದು ಇಷ್ಟಕ್ಕೇ. "ಕಾಕಾ, ಅದು ನನ್ನ ಗಂಟಿ ಅಲ್ಲೇನ್ರೀ?" ಎಂದಿದ್ದರೆ ಸಾಕಿತ್ತು.

ಸಂಡಿಗೆಗೆ ಈ ವರ್ಷ ಹಳೆಯ ಸೀರೆಯ ತುಂಡು ಕಟ್ಟಿದ್ದೇನೆ. ಕಾಗೆಗಳು ಅದಕ್ಕೆ ಹೆದರುವುದಿಲ್ಲ, ತಿಂದಷ್ಟು ತಿನ್ನಲಿ. ಗೋಡೆಯ ಆಚೆ ಖೋಲಿಯಲ್ಲಿ ಯಾವುದೋ ಅಂಗಡಿಯವರು ಸಾಮಾನು ತುಂಬಿದ್ದಾರೆ, ಮನುಷ್ಯರಿಲ್ಲ. ಇವತ್ತು ಬೆಳಿಗ್ಗೆ ಆರತಿ ಮಾಡಿ ಗಂಟೆ ಕೆಳಗಿಟ್ಟ ಮೇಲೆ, ಗೋಡೆಗೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ... ಅವರು ಶುರು ಮಾಡಲಿ ಎಂದು.