ಎರಡು ಉಸಿರು ಗಾಳಿ

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಉಗುರು ನಡುವೆ ಸೀಳಿತ್ತು. ಮುದ್ದೆ ಬೆಂದಿದೆಯೇ, ಹಲಸು ಹಣ್ಣಾಗಿದೆಯೇ, ಸೈಕಲ್ಲಿನ ಟೈರು ಹದವಾಗಿದೆಯೇ, ಎಲ್ಲವನ್ನೂ ಅದರಿಂದಲೇ ಒತ್ತಿ ನೋಡುತ್ತಿದ್ದರು. ಹೆಗ್ಗಡದೇವನಕೋಟೆ ಕಡೆಯ ಹಳ್ಳಿಗಳಲ್ಲಿ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವುದು ಅವರ ಕೆಲಸ. ಜನ ‘ದಾಕಿನಪ್ಪ’ ಎನ್ನುತ್ತಿದ್ದರು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಅವರ ಮೇಲಧಿಕಾರಿಯಾಗಿ ಹೋದ ನನಗಿಂತ ಇಪ್ಪತ್ತು ವರ್ಷ ಹಿರಿಯರು.

ಆ ದಿನ ಅಂತರಸಂತೆಯ ಆಚೆಯ ಒಂದು ಹಳ್ಳಿಗೆ ಹೊರಟಿದ್ದೆವು. ಅದರ ಪಕ್ಕದ ಕಾಡಿನವರ ಹಾಡಿಯಲ್ಲಿ ಸಿಡುಬು ಕಾಣಿಸಿತ್ತು. ದಾಕಿಗೆ ಒಪ್ಪದ ತಾಯಂದಿರನ್ನು ಅವರು ಮೂರು ಸಲ ಹೋಗಿ ಒಪ್ಪಿಸಿದ್ದರು. ಬಿಸಿಲೇರುವ ಮೊದಲು ತಲುಪದಿದ್ದರೆ ಔಷಧ ಕೆಡುತ್ತದೆ, ತಾಯಂದಿರೂ ಹೊಲಕ್ಕೆ ಹೋಗಿಬಿಡುತ್ತಾರೆ. ಒದ್ದೆ ಬಟ್ಟೆ ಸುತ್ತಿದ ಔಷಧದ ಡಬ್ಬಿ ನನ್ನ ಸೈಕಲ್ಲಿನಲ್ಲಿತ್ತು. ದೂರದ ದಾರಿಯೆಂದು ಟೈರುಗಳಿಗೆ ಕಲ್ಲಿನಂತೆ ಗಾಳಿ ತುಂಬಿಸಿದ್ದೆ.

ಜಲ್ಲಿ ರಸ್ತೆ ಮುಗಿದು ಎರೆಮಣ್ಣು ಶುರುವಾಯಿತು. ಹಿಂದಿನ ದಿನ ಮಳೆಯಾಗಿತ್ತು. ನನ್ನ ಚಕ್ರ ಕೆಸರನ್ನು ಕೊಯ್ದುಕೊಂಡು ಇಳಿಯಿತು. ಎರಡು ಸಲ ಬಿದ್ದೆ. ಡಬ್ಬಿ ಉಳಿದದ್ದು ಅದೃಷ್ಟ. ಸಲೀಸಾಗಿ ಮುಂದೆ ಹೋಗಿದ್ದ ದಾಕಿನಪ್ಪ ತಿರುಗಿ ಬಂದರು.

“ನಿಮ್ ಟೈರು ಗುಂಡುಕಲ್ಲಾಗೈತೆ ಕಣ್ ಸ್ವಾಮಿ. ವಸಿ ಗಾಳಿ ಬುಡಿ.”

“ಗಾಳಿ ಬಿಟ್ರೆ ಇನ್ನೂ ಹೂತ್ಕೊಳ್ಳಲ್ವೇನ್ರಿ?”

ಅವರು ದಾರಿಯ ಪಕ್ಕ ಬೆರಳು ತೋರಿಸಿದರು. ಅಲ್ಲಿ ಆನೆಯ ಹೆಜ್ಜೆ, ಹತ್ತಿರದಲ್ಲೇ ಎತ್ತಿನ ಗೊರಸಿನ ಗುರುತು.

“ಆನೆ ಏಟು ತೂಕ? ಎಜ್ಜೆ ನೋಡಿ, ತಟ್ಟೆ ಇಟ್ಟಂಗೈತೆ. ಎತ್ತಿಂದು ಗೇಣುದ್ದ ಇಳ್ದೈತೆ. ಕಾಲು ಅಗಲ ಆದ್ರೆ ಕೆಸ್ರು ತಡ್ಕತದೆ.”

ಒತ್ತಡ, ವಿಸ್ತೀರ್ಣ: ಇದರ ಮೇಲೆ ಪರೀಕ್ಷೆಯಲ್ಲಿ ಎರಡು ಪುಟ ಬರೆದವನು ನಾನು. ಹಾಗೆಂದು ಹೇಳಿಯೂಬಿಟ್ಟೆ.

“ಕಾಲೇಜಲ್ಲಿ ಆನೆ ಇರ್ನಿಲ್ವೇನೋ, ಪಾಪ,” ಎಂದರು.

ವಾಲ್ವಿನ ತಿರುಪು ಸಡಿಲಿಸಿ, ನಿಧಾನವಾಗಿ ಎರಡು ಸಲ ಉಸಿರಾಡುವಷ್ಟು ಹೊತ್ತು ಗಾಳಿ ಬಿಟ್ಟರು. ಹೆಬ್ಬೆರಳಿಂದ ಒತ್ತಿದರು. ಮುಂದಿನ ಚಕ್ರಕ್ಕೆ ಇನ್ನೂ ಅರ್ಧ ಉಸಿರು. “ಜಲ್ಲಿ ಸಿಕ್ತಿದ್ದಂಗೆ ತಿರ್ಗ ಗಾಳಿ ಒಡ್ಕಬೇಕು. ಇಲ್ದಿದ್ರೆ ರಿಮ್ಮು ಟ್ಯೂಬ್ನ ಕಚ್ತದೆ.”

ಆಮೇಲೆ ನನ್ನ ಚಕ್ರ ಹೂತುಕೊಳ್ಳಲಿಲ್ಲ. ನಾವು ತಲುಪಿದಾಗ ತಾಯಂದಿರು ಎದ್ದು ಹೊರಡುತ್ತಿದ್ದರು. ದಾಕಿನಪ್ಪನವರ ದನಿ ಕೇಳಿ ಮತ್ತೆ ಕೂತರು. ಒಂದು ಮಗುವೂ ತಪ್ಪಲಿಲ್ಲ. ಹಿಂತಿರುಗುವಾಗ ನಾನು ಇಳಿದು ಆ ಗೊರಸಿನ ಗುರುತನ್ನು ಕಡ್ಡಿಯಿಂದ ಅಳೆದೆ. ಗೇಣಿರಲಿಲ್ಲ, ಮುಕ್ಕಾಲು ಗೇಣು. ಅವರು ಸೈಕಲ್ ಹಿಡಿದು ನಗುತ್ತಾ ಕಾದರು.

ಇಷ್ಟು ನನ್ನ ನೆನಪು. ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಬೇರೆ: “ಕೆಸರಿನಲ್ಲಿ ಟೈರಿನ ಗಾಳಿ ಇಳಿಸುವ ಉಪಾಯ ಹೊಳೆಯಿತು. ಸಕಾಲಕ್ಕೆ ತಲುಪಿದೆವು.” ವರದಿಯಲ್ಲೂ ಅದನ್ನೇ ಬರೆದೆ; ಮೆಚ್ಚುಗೆ ನನಗೆ ಬಂತು. ಅವರಿಗೆ ವರದಿ ಓದಿ ಹೇಳಿದಾಗ, “ಒಳ್ಳೇದಾಯ್ತು ಬುಡಿ, ಎಲ್ರಿಗೂ ತಿಳೀತು,” ಎಂದರೆಂದು ನೆನಪು. ನಿಜವಾಗಿ ಅಂದರೋ, ಸುಮ್ಮನಿದ್ದರೋ? ನನಗೆ ಇಷ್ಟು ಅನುಕೂಲವಾದ ಮಾತನ್ನು ನಾನು ನಂಬಲಾರೆ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕೃಷ್ಣರಾಜನಗರದಲ್ಲಿದ್ದೆ. ಹಳೆಯ ದಿನಚರಿ ತೆಗೆದು, ‘ಹೊಳೆಯಿತು’ ಎಂಬುದರ ಮುಂಚೆ, ಇದ್ದ ಇಕ್ಕಟ್ಟಿನಲ್ಲೇ, ‘ದಾಕಿನಪ್ಪನವರಿಗೆ’ ಎಂದು ಸೇರಿಸಿದೆ. ವರದಿ ಮಾತ್ರ ಕಚೇರಿಯಲ್ಲಿ ನನ್ನ ಹೆಸರಿನಲ್ಲೇ ಇದೆ.