ಆರನೆಯ ಕಟ್ಟೆ

ಆ ಮಧ್ಯಾಹ್ನ ಕುಬಿಹಾಳದ ನಮ್ಮ ದೊಡ್ಡವ್ವನ ಪಡಸಾಲೆಯಲ್ಲಿ ನಾವು ನಾಲ್ವರಿದ್ದೆವು: ದೊಡ್ಡವ್ವ, ಹುಬ್ಬಳ್ಳಿಯಿಂದ ಬಂದಿದ್ದ ಅವಳ ಕಿರಿಯ ಮಗಳು, ಬಾಜು ಮನೆಯ ಕಾಕಾ, ನಾನು. ಮಗಳು ತಾಯಿಯನ್ನು ಕರೆದೊಯ್ಯಲೆಂದು ಸೀರೆಗಳನ್ನು ಟ್ರಂಕಿಗೆ ತುಂಬುತ್ತಿದ್ದಳು. ಮೊಣಕಾಲು ಹಿಡಿದಿದ್ದ ದೊಡ್ಡವ್ವ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಕುಂದಗೋಳದ ದವಾಖಾನೆಗೆ ಹೋಗಬೇಕಿತ್ತು.

“ಬಸ್ಸೇನ ದೂರ ಐತಿ? ಐದ ಕಟ್ಟಿ,” ಎಂದಳು ದೊಡ್ಡವ್ವ.

ಅವಳ ಅಳತೆಯೇ ಹಾಗೆ. ಓಣಿಯಲ್ಲಿ ಮನೆ ಮುಂದೆಲ್ಲ ಕಟ್ಟೆಗಳು. ಅವಳು ಕೂತು ದಣಿವಾರಿಸಿಕೊಳ್ಳುವಂಥವು ಐದು. ಒಂದರ ಮೇಲೆ ಕೂತು, ಆ ಮನೆಯವರ ಸುದ್ದಿ ಕೇಳಿ, ಮುಂದಿನದಕ್ಕೆ ಹೋಗುವಳು. ಎಷ್ಟು ದೂರ ನಡೆಯುತ್ತೀರಿ ಎಂದು ಡಾಕ್ಟರು ಕೇಳಿದಾಗಲೂ ಐದು ಕಟ್ಟಿ ಎಂದಿದ್ದಳಂತೆ. ಅವರು ಐದು ಮೈಲಿ ಎಂದು ತಿಳಿದು ಹೌಹಾರಿದ್ದರಂತೆ!

ಮಗಳು ಬಿಡಲಿಲ್ಲ. “ಐದರ ಮುಂದ? ಓಣಿ ಮುಗದಮ್ಯಾಲೆ ಬರೇ ಬಯಲು. ಮೊನ್ನಿ ಅಲ್ಲೇ ನೆಲಾ ಹಿಡದು ಕುಂತಿ, ಬಸ್ಸು ಕಣ್ಣ ಮುಂದ ಹೋತು. ಹೌದಿಲ್ಲಬೇ ಯವ್ವಾ?”

ದೊಡ್ಡವ್ವ ಸೆರಗಿನ ಅಂಚು ತಿರುವತೊಡಗಿದಳು. ಊರು ಬಿಡಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ.

“ತಂಗೀ, ಟ್ರಂಕು ಇವತ್ತ ಮುಚ್ಚಬ್ಯಾಡ,” ಎಂದ ಕಾಕಾ. “ನಮ್ಮ ಹಗೇವಿನ ಕಲ್ಲು ಖಾಲಿ ಬಿದ್ದೈತಿ.”

ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ನೀರು ಬಸಿಯತೊಡಗಿದ ಮೇಲೆ ಕಾಕಾ ತನ್ನದನ್ನು ಮಣ್ಣು ಹಾಕಿ ಮುಚ್ಚಿಬಿಟ್ಟಿದ್ದ. ಮರುದಿನ ಮುಂಜಾನೆ ಅದರ ಬಾಯಿಗಿದ್ದ ಹಾಸುಗಲ್ಲನ್ನು ಚಕ್ಕಡಿಯಲ್ಲಿ ತಂದು, ಬಯಲ ನಡುವಿನ ಬೇವಿನ ಗಿಡದ ಕೆಳಗೆ ಕಲ್ಲು ಪೇರಿಸಿ ಕೂರಿಸಿದ. ಆದರೆ ಎತ್ತರವನ್ನು ತನ್ನ ಕಾಲಿಗೆ ಅಳೆದಿದ್ದ! ದೊಡ್ಡವ್ವನನ್ನು ಹತ್ತಿಸಿ ಕೂರಿಸಿದರೆ ಪಾದ ನೆಲ ಮುಟ್ಟಲೇ ಇಲ್ಲ.

“ಖೋಡಿ, ನನ್ನ ಕೂಡಸಾಕ ಕಟ್ಟೀಯೋ, ಹಕ್ಕಿ ಹೊಡ್ಯಾಕ ಅಟ್ಟ ಹಾಕೀಯೋ?”

“ನೀವು ಇಷ್ಟ ಗಿಡ್ಡ ಅದೀರಂತ ನನಗೇನ ಗೊತ್ತರೀ ವೈನೀ?” ಕಾಕಾ ನಗುತ್ತ ಒಂದು ಸುತ್ತು ಕಲ್ಲು ತೆಗೆದ.

ದವಾಖಾನೆಯ ದಿನ ಮಗಳು ನನ್ನೊಂದಿಗೆ ತಾಯಿಯ ಹಿಂದೆ ಹಿಂದೆ ನಡೆದಳು. ಕೈ ಮಾತ್ರ ಹಿಡಿಯಲಿಲ್ಲ. ದೊಡ್ಡವ್ವ ಹೊಸ ಕಟ್ಟೆಯ ಮೇಲೆ ಕೂತು, ಉಸಿರು ತಿರುಗಿದ ಮೇಲೆ ಎದ್ದಳು. ರಸ್ತೆ ಮುಟ್ಟುವಷ್ಟರಲ್ಲಿ ಬಸ್ಸೂ ಬಂತು.

“ಸಾವಕಾಶ ಬರ್ರಿ ಯವ್ವಾ,” ಎಂದು ಕಂಡಕ್ಟರು ಬಾಗಿಲು ಹಿಡಿದು ನಿಂತ.

ಕಿಟಕಿಯಲ್ಲಿ ತಾಯಿಯ ಮುಖ ಕಂಡಾಗ ಮಗಳು ನಿಟ್ಟುಸಿರುಬಿಟ್ಟು, “ಅಗದಿ ಹಗುರಾತು ನೋಡು,” ಎಂದಳು. ಮನೆಗೆ ಬಂದು ಸೀರೆಗಳನ್ನೆಲ್ಲ ಟ್ರಂಕಿನಿಂದ ತೆಗೆದಿಟ್ಟು, ಸಂಜೆ ಹುಬ್ಬಳ್ಳಿಗೆ ಒಬ್ಬಳೇ ಹೊರಟಳು.

ಮರುವರ್ಷ ಶ್ರಾವಣದಲ್ಲಿ ಬಾಣಂತನಕ್ಕೆಂದು ಅವಳೇ ತಾಯಿಯ ಮನೆಗೆ ಬಂದಳು.