ದೊಡ್ಡಪ್ಪನ ವೆಬ್‌ಸೈಟಿನ ಮೊದಲ ಸಾಲು

ಚಿಕ್ಕೇರೂರಿನಲ್ಲಿರುವ ನನ್ನ ದೊಡ್ಡಪ್ಪನ ಕಸುಬು ಬಾವಿಯಿಂದ ಎತ್ತುವುದು. ಬೋರ್‌ವೆಲ್ಲಿನಲ್ಲಿ ಸಿಕ್ಕಿಕೊಂಡ ಮೋಟಾರು, ಹೂಳಿನಲ್ಲಿ ಹೂತ ಪೈಪು, ಮೇಯುತ್ತ ಹೋಗಿ ಕಾಲು ಜಾರಿದ ದನ, ಯಾವುದಾದರೂ ಎತ್ತುತ್ತಾನೆ. ನಾನು ಹಾನಗಲ್ಲಿನಲ್ಲಿ ಮಾಡುವುದೂ ಎತ್ತುವ ಕೆಲಸವೇ ಎಂದು ಅವನು ಚೇಷ್ಟೆ ಮಾಡುತ್ತಾನೆ. ಜನ ಫೋನಿನಲ್ಲಿ ಏನನ್ನಾದರೂ ಹುಡುಕಿದಾಗ ನನ್ನ ಗಿರಾಕಿಗಳ ವೆಬ್‌ಸೈಟು ಮೇಲಿನ ಸಾಲಿನಲ್ಲಿ ಕಾಣುವಂತೆ ಮಾಡುವುದು ನನ್ನ ಕೆಲಸ.

ಆದರೆ ಅವನು ತನ್ನ ವೆಬ್‌ಸೈಟನ್ನು ನನ್ನಿಂದ ಮಾಡಿಸಲಿಲ್ಲ. ಮಗಳ ಲಗ್ನಪತ್ರಿಕೆ ಅಚ್ಚು ಹಾಕಿದವನು ಅದರ ಜೊತೆಗೇ ಇದನ್ನೂ ಮಾಡಿಕೊಟ್ಟಿದ್ದ. ಹಾಗಾಗಿ ಪುಟ ನೋಡಲು ಲಗ್ನಪತ್ರಿಕೆಯಂತೆಯೇ ಇತ್ತು. ಎರಡೂ ಬದಿಗೆ ಬಾಳೆಕಂಬ, ನಾಲ್ಕು ಮೂಲೆಗೆ ಗುಲಾಬಿ, ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಮನೆದೇವರ ಹೆಸರು ಮತ್ತು ‘ಪ್ರಸನ್ನ’. ಕೊಟ್ಟಕೊನೆಗೆ, ಸಣ್ಣ ಅಕ್ಷರದಲ್ಲಿ, ‘ಬಾವಿ, ಬೋರ್‌ವೆಲ್ ಮುಂತಾದ ಸಕಲ ಎತ್ತುವ ಕೆಲಸಗಳನ್ನು ಮಾಡಿಕೊಡಲಾಗುವುದು.’

ಹುಡುಕುವ ಯಂತ್ರ ಮೊದಲು ಶಿರೋನಾಮೆಯನ್ನು ನೋಡುತ್ತದೆ. ಅದು ದೊಡ್ಡಪ್ಪನ ಪುಟವನ್ನು ಗುಡಿ ಎಂದು ತಿಳಿಯಿತು. ಆ ದೇವರ ಗುಡಿಯನ್ನು ಹುಡುಕಿದವರಿಗೆಲ್ಲ ಅವನ ನಂಬರು ಸಿಕ್ಕಿತು.

‘ಗುಡಿ ಬಾಗ್ಲಾ ಎಷ್ಟೊತ್ತಿಗೆ ತಗೀತಾರ್ರಿ?’ ಎಂದು ಫೋನು ಬರುತ್ತಿತ್ತು.

ದೊಡ್ಡಪ್ಪ ಒಬ್ಬರಿಗೂ ರಾಂಗ್ ನಂಬರ್ ಎನ್ನಲಿಲ್ಲ. ಪೂಜಾರಿಯನ್ನು ಕೇಳಿ ಎಲ್ಲ ವೇಳೆ ತಿಳಿದುಕೊಂಡಿದ್ದ. ‘ಮುಂಜಾನಿ ಲಗೂನ ಬರ್ರಿ, ಮಧ್ಯಾಹ್ನ ಮುಚ್ಚಿರ್ತೈತಿ. ಅಭಿಷೇಕ ಇದ್ರ ಹಿಂದಿನ ದಿನಾನ ಹೇಳ್ರಿ,’ ಎನ್ನುತ್ತಿದ್ದ.

ದೊಡ್ಡವ್ವ ರೊಟ್ಟಿ ಬಡಿಯುತ್ತಲೇ ಅನ್ನುತ್ತಿದ್ದಳು: ‘ಎಮ್ಮಿ ಎತ್ತೂದ ಬಿಟ್ಟು ಘಂಟಿ ಬಾರ್ಸಾಕ ಹೋಗ್ರಿ. ಒಂದ್ ಹೋಳ ಕಾಯರ ಮನಿಗೆ ಬರ್ತೈತಿ.’

ಶಿರೋನಾಮೆ ಬದಲಿಸೋಣ ಎಂದು ನಾನು ಹೇಳಿ ನೋಡಿದೆ. ‘ಟ್ರ್ಯಾಕ್ಟರ್ ಮ್ಯಾಲ ದೇವ್ರ ಹೆಸರ ಐತಿ, ಹಿಟ್ಟಿನ ಗಿರಣಿ ಮ್ಯಾಲ ಐತಿ. ನನ್ನ ಕೆಲಸದ ಮ್ಯಾಲ ಯಾಕ ಬ್ಯಾಡ ಯವ್ವಾ? ಬಾವಿಯೊಳಗ ಇಳಿಯಾಂವ ನಾನು,’ ಎಂದ. ಗುಲಾಬಿಯ ಬದಲು ಕೆಲಸದ ಫೋಟೊಗಳನ್ನಾದರೂ ಹಾಕುವುದಕ್ಕೆ ಒಪ್ಪಿದ. ಮುಂದಿನ ಕರೆ ಬಂದಾಗ ಜೊತೆಗೆ ಕರೆದೊಯ್ಯುವುದಾಗಿ ಹೇಳಿದ.

ಆ ಕರೆ ದುಂಡಸಿಯಿಂದ ಬಂತು, ಅದೂ ಸುತ್ತುಬಳಸಿ. ಅಲ್ಲಿಯ ಯಾರದೋ ಬೀಗರು ಹಂಸಭಾವಿಯವರು, ಅವರಿಗೆ ದೊಡ್ಡಪ್ಪನ ಗುರುತಿತ್ತು. ದೊಡ್ಡಪ್ಪ ತನ್ನ ಆಳುಗಳೊಂದಿಗೆ ಬರುತ್ತಿದ್ದ ಟೆಂಪೊವನ್ನು ನಾನು ಹಾನಗಲ್ಲಿನಲ್ಲಿ ಹತ್ತಿದೆ. ಹೊಲ ಮುಟ್ಟಿದಾಗ ಬಿಸಿಲು ಇಳಿಯತೊಡಗಿತ್ತು.

ಕಂಡಷ್ಟನ್ನೇ ಬರೆಯುತ್ತೇನೆ. ಕಲ್ಲು ಕಟ್ಟಿದ ಹಳೆಯ ಬಾವಿ, ಒಂದು ಬದಿಯ ಕಟ್ಟೆ ಕುಸಿದಿತ್ತು. ಒಳಗೆ ಗಬ್ಬದ ಎಮ್ಮೆ. ನೀರಿನ ಮೇಲೆ ಕಾಣುತ್ತಿದ್ದುದು ಕೋಡು, ಕಣ್ಣು, ಮೂಗು ಮಾತ್ರ. ಅದು ಬೆಳಿಗ್ಗೆಯೇ ಬಿದ್ದಿತ್ತು. ಅರಚುವುದನ್ನು ಎಂದೋ ನಿಲ್ಲಿಸಿತ್ತು. ಮೂಗು ಆಗಾಗ ನೀರಿಗೆ ತಾಗುತ್ತಿತ್ತು, ಮತ್ತೆ ಮೇಲೆ ಬರುತ್ತಿತ್ತು. ಅದರ ಒಡತಿ ಕಟ್ಟೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಅದರೊಂದಿಗೆ ಮಾತಾಡುತ್ತಿದ್ದಳು. ಅವಳ ದನಿ ಒಡೆದುಹೋಗಿತ್ತು. ಈಗಲೂ ತೆರೆದ ಬಾವಿಯ ಹತ್ತಿರ ಹೋದರೆ ಮೊದಲು ಮೂಗನ್ನೇ ಹುಡುಕುತ್ತೇನೆ.

ದೊಡ್ಡಪ್ಪ ಹಗ್ಗ ಹಿಡಿದು ಇಳಿದ. ಒಂದು ಪಟ್ಟಿಯನ್ನು ಮುಂಗಾಲಿನ ಹಿಂದೆ, ಇನ್ನೊಂದನ್ನು ಹಿಂಗಾಲಿನ ಮುಂದೆ ಹಾಕಿದ. ಹೊಟ್ಟೆಯ ನಡುವೆ ಏನನ್ನೂ ತಾಗಗೊಡಲಿಲ್ಲ. ಪಟ್ಟಿಯ ಕೆಳಗೆ ಮಡಚಿದ ಗೋಣಿಚೀಲ ತುರುಕಿದ. ಮೇಲೆ ಮೂರು ಕಾಲಿನ ಕಬ್ಬಿಣದ ಚೌಕಟ್ಟಿನಿಂದ ಸರಪಳಿಯ ಕಪ್ಪಿ ಇಳಿಬಿದ್ದಿತ್ತು.

‘ಹಗೂರ್ಕ… ಹಗೂರ್ಕ ಜಗ್ರಿ. ಬಸರಿ ಐತಿ ಅದು, ಮೋಟಾರ್ ಅಲ್ಲ.’

ಕೊಂಡಿ ಕೊಂಡಿಯಾಗಿ ಸರಪಳಿ ಏರಿತು. ಎಮ್ಮೆ ನೀರಿನಿಂದ ಬಿಡುಗಡೆಯಾಗಿ ಒಮ್ಮೆ ತಿರುಗಿತು, ಕೋಡು ಕಲ್ಲಿಗೆ ಸವರಿತು. ಅಷ್ಟೇ. ನೆಲಕ್ಕೆ ಬಂದ ಮೇಲೆ ಕಾಲು ಮಡಚಿ ಕುಸಿಯಿತು. ಒಡತಿ ಗೋಣಿಚೀಲದಿಂದ ಅದರ ಮೈ ತಿಕ್ಕಿದಳು, ಬೈದಳು, ಮತ್ತೆ ತಿಕ್ಕಿದಳು. ಬಹಳ ಹೊತ್ತಿನ ನಂತರ ಅದು ಎದ್ದು ನಿಂತು ಅವಳ ಭುಜಕ್ಕೆ ಗದ್ದ ಆನಿಸಿತು. ನಾನು ತೆಗೆದದ್ದು ಆ ಒಂದೇ ಫೋಟೊ. ಅಲ್ಲಿಯವರೆಗೆ ಕೈಯಲ್ಲಿ ಫೋನಿರುವುದೇ ಮರೆತಿತ್ತು.

ಚಹಾ ಕೊಡುವಾಗ ಅವಳು ಹೇಳಿದಳು: ‘ಮುಂಜಾನಿಯಿಂದ ಫೋನಿಗೆ ಬಾಯಿಲೆ ಕೇಳಿ ಕೇಳಿ ಗಂಟಲ ಒಣಗಿತ್ರಿ. ಕ್ರೇನ್‌ನವ್ರ ನಂಬರ್ ಕೊಟ್ತು. ಎಮ್ಮಿ ಅಂದ ಕೂಡ್ಲೆ ಅವ್ರು ಫೋನ್ ಇಟ್ರು. ತೆಳಗ, ಎಲ್ಲಾದಕ್ಕೂ ತೆಳಗ, ಒಂದು ಗುಡೀದು ಬಂತು. ಗುಡಿಗೆ ಫೋನ್ ಹಚ್ಚಿ ಎಮ್ಮಿ ಎತ್ರಿ ಅನ್ನಲೇನ್ರಿ?’

ಅವಳು ಫೋನನ್ನು ನಮ್ಮತ್ತ ತಿರುಗಿಸಿದಳು. ಬಾಳೆಕಂಬ, ಗುಲಾಬಿ, ಮನೆದೇವರ ಹೆಸರು.

ದೊಡ್ಡಪ್ಪ ಬಸಿಯಲ್ಲಿ ಹಾಕಿಕೊಂಡ ಚಹಾ ಕುಡಿಯಲಿಲ್ಲ. ‘ಅದು ನಂದ, ತಂಗಿ,’ ಎಂದ.

‘ನಿಮ್ಮ ಗುಡಿ ಏನ್ರಿ?’

‘ಗುಡಿ ಅಲ್ಲ. ನಾನ.’

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಕ್ಕಳು. ಅಂದು ಅಲ್ಲಿ ಮೊದಲು ನಕ್ಕವಳು ಅವಳೇ. ‘ಅಯ್ಯ, ಹಂಗಾದ್ರ ದೇವ್ರ ಮುಂಜಾನೇನ ಬಂದಿದ್ದ. ನಾನ ಗುರುತ ಹಿಡೀಲಿಲ್ಲ ನೋಡ್ರಿ.’

ತಿರುಗಿ ಬರುವಾಗ ಟೆಂಪೊ ಶಿಗ್ಗಾವಿ ದಾಟಿತು. ದೊಡ್ಡಪ್ಪ ಕೇಳಿದ: ‘ಏನ್ ಮಾಡಿದ್ರ ಆಕಿಗೆ ಮೊದಲ ಕಾಣತಿದ್ನಿ?’

‘ಮೊದಲನೇ ಸಾಲಿನ್ಯಾಗ ಕೆಲಸದ ಹೆಸರ ಬರಬೇಕು ದೊಡ್ಡಪ್ಪಾ. ದೇವ್ರ ಹೆಸರ ತಗಿಯೂದಿಲ್ಲ. ಚಿತ್ರಾ ಮಾಡಿ ಮ್ಯಾಲ ಇಡ್ತೇನಿ. ಯಂತ್ರ ಚಿತ್ರ ಬಿಟ್ಟು ಅಕ್ಷರ ಹಿಡೀತೈತಿ.’

‘ಮಂದಿಗೆ ಕಾಣತೈತಿಲ್ಲ?’

‘ಕಾಣತೈತಿ.’

‘ದೇವ್ರಿಗೆ?’

‘ಅದನ್ನ ನೀವ ಕೇಳ್ರಿ. ನಿಮ್ಮ ಕಡೆ ನಂಬರ್ ಐತಲ್ಲ.’

ಆಳುಗಳು ಹಿಂದೆ ನಕ್ಕರು. ಅವನೂ ನಕ್ಕ.

ಶಿರೋನಾಮೆಗೆ ನಾನು ಚಂದದ ಮಾತು ಹುಡುಕಲಿಲ್ಲ. ಎಮ್ಮೆಯ ಒಡತಿಗೆ ಫೋನು ಮಾಡಿ, ಆ ದಿನ ಅವಳು ಫೋನಿಗೆ ಏನೆಂದು ಕೇಳಿದ್ದಳೆಂದು ವಿಚಾರಿಸಿದೆ. ಅವಳು ಅಂದದ್ದು: ‘ಬಾವ್ಯಾಗ ಎಮ್ಮಿ ಬಿದ್ದೈತಿ, ಎತ್ತಾವ್ರು ಯಾರದಾರ?’ ಅದನ್ನೇ ಮೇಲಿಟ್ಟೆ. ಅದರ ಕೆಳಗೆ ಅದೇ ಮಾತನ್ನು ಪುಸ್ತಕದ ಕನ್ನಡದಲ್ಲಿ ಇನ್ನೊಮ್ಮೆ ಬರೆದೆ, ಬಳಿಕ ದೊಡ್ಡಪ್ಪ ಮತ್ತು ಆಳುಗಳು ಕೆಲಸಕ್ಕೆ ಹೋಗುವ ಊರುಗಳನ್ನು. ಬಿದ್ದ ದನಕ್ಕೆ ಹಗ್ಗವನ್ನು ಎಲ್ಲಿ ಕಟ್ಟಬಾರದು, ಎತ್ತುವವರು ಬರುವವರೆಗೆ ಏನು ಮಾಡಬೇಕು ಎಂಬುದನ್ನು ದೊಡ್ಡಪ್ಪ ಹೇಳಿದ ಹಾಗೇ ಬರೆದೆ. ಗುಲಾಬಿ ಇದ್ದ ಕಡೆ ಒದ್ದೆ ಎಮ್ಮೆಯ ಫೋಟೊ ಬಂತು. ಬಾಳೆಕಂಬ ತೆಗೆಯಲು ದೊಡ್ಡವ್ವ ಬಿಡಲಿಲ್ಲ.

ಪುಟ ಒಂದೇ ದಿನಕ್ಕೆ ಮೇಲೆ ಬರಲಿಲ್ಲ. ಅದೂ ಕೊಂಡಿ ಕೊಂಡಿಯಾಗಿಯೇ ಏರಿತು. ಆದರೆ ಸವಣೂರಿನ ಕಡೆಯ ಒಬ್ಬರ ಟಗರು ಬಾವಿಗೆ ಬಿದ್ದಾಗ ಅವರು ಯಾವ ಬೀಗರನ್ನೂ ಹುಡುಕಬೇಕಾಗಲಿಲ್ಲ. ಬೀಳುವುದಕ್ಕೂ ಫೋನು ಬರುವುದಕ್ಕೂ ನಡುವೆ ಒಂದು ಚಹಾ ಕುಡಿಯುವಷ್ಟು ಹೊತ್ತು. ಟಗರು ಮೇಲೆ ಬಂದ ಕೂಡಲೇ ದೊಡ್ಡಪ್ಪನನ್ನೇ ಗುದ್ದಿತಂತೆ.

ನಾನು ಚಿಕ್ಕೇರೂರಿಗೆ ಹೋಗಿದ್ದ ಒಂದು ಬೆಳಿಗ್ಗೆ ದುಂಡಸಿಯ ನಂಬರು ಬಂತು. ದೊಡ್ಡಪ್ಪ ಉಣ್ಣುತ್ತಿದ್ದವನು ಎದ್ದ, ಆಳುಗಳಿಗೆ ಕೈ ಮಾಡಿದ, ಅವರು ಕಪ್ಪಿಯನ್ನು ಟೆಂಪೊಗೆ ಏರಿಸಿದರು. ನಾನೂ ಚಪ್ಪಲಿ ಮೆಟ್ಟಿದೆ.

‘ಏನ್ ಬಿತ್ತ ತಂಗಿ?’

‘ಏನೂ ಬಿದ್ದಿಲ್ರಿ ಅಣ್ಣಾರ. ಫೋನಿಗೆ ಸುಮ್ನ ಕೇಳಿ ನೋಡಿದ್ನಿ. ಈಗ ನೀವ ಮೊದಲ ಬರ್ತೀರಿ.’ ಆಮೇಲೆ ಮರೆತವಳಂತೆ ಸೇರಿಸಿದಳು: ‘ಎಮ್ಮಿ ಈದೈತ್ರಿ, ಹೆಣ್ಣ್ ಕರಾ. ಶಿಗ್ಗಾವಿ ಬಸ್ಸಿಗೆ ಗಿಣ್ಣದ ಹಾಲ ಕೊಟ್ಟ್ ಕಳ್ಸೇನಿ. ಕೆಡೂದ್ರೊಳಗ ಇಸ್ಕೋರಿ.’

ಕಪ್ಪಿಯನ್ನು ಇಳಿಸಲು ಯಾರೂ ನಿಲ್ಲಲಿಲ್ಲ. ಟೆಂಪೊ ಹಾಗೇ ಶಿಗ್ಗಾವಿಗೆ ಹೊರಟಿತು.